ಆರ್ಕಿಡ್ ಬೇರಿಗೆ ಮಣ್ಣು ಬೇಡ, ಗಾಳಿ ಬೇಕು

ಪ್ರಶ್ನೆ: ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಆರ್ಕಿಡ್ ಗಿಡ ತಿಂಗಳುಗಟ್ಟಲೆ ಹೂ ಹೊತ್ತು ನಿಂತಿತ್ತು. ದಪ್ಪನೆಯ ಅಗಲ ಎಲೆ, ಬಿಳಿ ಹೂ. ಈಗ ಹೂವೆಲ್ಲ ಉದುರಿದೆ. ಬೇರುಗಳು ಕುಂಡದ ಅಂಚು ದಾಟಿ ಹೊರಗೆ ಚಾಚಿವೆ, ಎಲೆಗಳು ಸುಕ್ಕುಗಟ್ಟುತ್ತಿವೆ. ದೊಡ್ಡ ಕುಂಡಕ್ಕೆ ಕೆಮ್ಮಣ್ಣು, ಗೊಬ್ಬರ ತುಂಬಿ ಬದಲಾಯಿಸಬಹುದೇ? ಹೊರಗೆ ಬಂದ ಬೇರುಗಳನ್ನು ಕತ್ತರಿಸಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮಣ್ಣು ಖಂಡಿತ ಬೇಡ. ಹೊರಬಂದ ಬೇರುಗಳಿಗೆ ಕತ್ತರಿ ತಾಗಿಸಬೇಡಿ. ಕುಂಡವನ್ನು ಬದಲಾಯಿಸುವುದು ಮಾತ್ರ ಒಳ್ಳೆಯದೇ. ಆದರೆ ಗಿಡಕ್ಕೆ ಜಾಗ ಸಾಲದೆಂದಲ್ಲ, ಒಳಗೆ ಗಾಳಿ ಸಾಲದಾಗಿದೆಯೆಂದು.

ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಫೆಲನಾಪ್ಸಿಸ್. ಇಂದು ನರ್ಸರಿಗಳಲ್ಲಿ, ಹೂವಿನಂಗಡಿಗಳಲ್ಲಿ ಉಡುಗೊರೆಗೆಂದು ಮಾರುವ ಕುಂಡದ ಆರ್ಕಿಡ್‌ಗಳಲ್ಲಿ ಹೆಚ್ಚಿನವು ಇದೇ ಜಾತಿಯ ಮಿಶ್ರತಳಿಗಳು. ಇವುಗಳ ಮೂಲ ಫಿಲಿಪ್ಪೀನ್ಸ್, ಇಂಡೊನೇಷ್ಯಾ ಕಡೆಯ ಮಳೆಕಾಡು. ಅಲ್ಲಿ ಇವು ನೆಲಕ್ಕೆ ಇಳಿಯುವುದು ಅಪರೂಪ. ಮರದ ಕೊಂಬೆಯನ್ನು ತಬ್ಬಿಕೊಂಡು ಬದುಕುತ್ತವೆ. ನಮ್ಮ ಮಲೆನಾಡಿನ ಸೀತಾಳೆ ದಂಡೆಯನ್ನು ನೋಡಿದವರಿಗೆ ಈ ಬದುಕು ಹೊಸದಲ್ಲ. ಹಲಸಿನ ಮರದ ಕವಲಿನಲ್ಲಿ, ಹಿಡಿ ಮಣ್ಣೂ ಇಲ್ಲದ ಕಡೆ, ಗೊಂಚಲು ಗೊಂಚಲಾಗಿ ಹೂ ಇಳಿಬಿಡುತ್ತದಲ್ಲ, ಅದೂ ಆರ್ಕಿಡ್ ಕುಟುಂಬದ್ದೇ. ಇದನ್ನು ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವವರಿದ್ದಾರೆ, ಅದು ತಪ್ಪು. ಬಂದಳಿಕೆ ಮರದ ರಸ ಹೀರುತ್ತದೆ. ಆರ್ಕಿಡ್ ಮರದಿಂದ ಕೇಳುವುದು ನಿಲ್ಲಲು ಒಂದು ಆಸರೆಯನ್ನಷ್ಟೇ.

ಹಾಗಾದರೆ ನೀರು ಎಲ್ಲಿಂದ? ಉತ್ತರವಿರುವುದು ನೀವು ಕತ್ತರಿಸಬೇಕೆಂದಿದ್ದ ಆ ಬೇರಿನಲ್ಲೇ. ಅದನ್ನೊಮ್ಮೆ ಹತ್ತಿರದಿಂದ ನೋಡಿ. ನಡುವೆ ತಂತಿಯಂಥ ಗಟ್ಟಿ ಎಳೆ, ಅದರ ಸುತ್ತ ಬೆಳ್ಳಗಿನ ದಪ್ಪ ಹೊದಿಕೆ. ಈ ಹೊದಿಕೆಗೆ ವೆಲಮೆನ್ ಎನ್ನುತ್ತಾರೆ. ಅದು ಸತ್ತ ಜೀವಕೋಶಗಳ ಪದರ. ಒಣಗಿದ ಹೀರೇಕಾಯಿಯ ನಾರಿನಂತೆ ಒಳಗೆಲ್ಲ ಟೊಳ್ಳು. ಮಳೆ ಬಿದ್ದಾಗ ನೀರನ್ನು ತಕ್ಷಣ ಹೀರಿ ಹಿಡಿದುಕೊಂಡು, ಒಳಗಿನ ಜೀವಂತ ಬೇರಿಗೆ ನಿಧಾನವಾಗಿ ದಾಟಿಸುತ್ತದೆ. ಒಣಗಿದಾಗ ಟೊಳ್ಳಿನಲ್ಲಿ ಗಾಳಿ ತುಂಬಿ ಬೇರು ಬೆಳ್ಳಿಬಣ್ಣಕ್ಕೆ ಕಾಣುತ್ತದೆ. ನೆನೆದಾಗ ಹೊದಿಕೆ ಪಾರದರ್ಶಕವಾಗಿ ಒಳಗಿನ ಹಸಿರು ಹೊರಬರುತ್ತದೆ. ಹೌದು, ಈ ಬೇರುಗಳಲ್ಲಿ ಪತ್ರಹರಿತ್ತಿದೆ. ಬೆಳಕು ಬಿದ್ದರೆ ಅವೂ ಅಷ್ಟಿಷ್ಟು ಆಹಾರ ತಯಾರಿಸುತ್ತವೆ. ಕಾಡಿನಲ್ಲಿ ಒಂದು ಮಳೆ ಬಂದು ಹೋದಮೇಲೆ ಗಾಳಿಯಾಡಿ ಬೇರು ಒಣಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು – ಈ ಬೇರು ರೂಪುಗೊಂಡಿದ್ದೇ ಆ ಲಯಕ್ಕೆ. ಇದನ್ನು ಕೆಮ್ಮಣ್ಣಿನಲ್ಲಿ ಹೂತರೆ ಟೊಳ್ಳಿನ ತುಂಬ ನೀರೇ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ, ಕೆಲವೇ ವಾರಗಳಲ್ಲಿ ಕೊಳೆಯುತ್ತದೆ.

ಮಣ್ಣು ಹಾಕಬೇಕೆಂದು ನಿಮಗೆ ಅನ್ನಿಸಿದ್ದು ಸಹಜ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ನುರಿತ ತೋಟಗಾರರೂ ಹಾಗೆಯೇ ಭಾವಿಸಿದ್ದರು. ಉಷ್ಣವಲಯದಿಂದ ಹಡಗಿನಲ್ಲಿ ತರಿಸಿದ ಆರ್ಕಿಡ್‌ಗಳನ್ನು ಮಣ್ಣಿಗೆ ನೆಟ್ಟು, ಗಾಳಿಯಾಡದ ಬಿಸಿ ಗಾಜಿನಮನೆಗಳಲ್ಲಿ ಇಟ್ಟು, ಲೆಕ್ಕವಿಲ್ಲದಷ್ಟು ಗಿಡಗಳನ್ನು ಕಳೆದುಕೊಂಡರು. ಪರಿಸ್ಥಿತಿ ಬದಲಾಗಲು ಕಾರಣರಾದವರಲ್ಲಿ ಚಾಟ್ಸ್‌ವರ್ತ್ ತೋಟದ ಜೋಸೆಫ್ ಪ್ಯಾಕ್ಸ್‌ಟನ್ ಒಬ್ಬರು. ಮುಂದೆ 1851ರ ಲಂಡನ್ ಮಹಾಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದವರೂ ಅವರೇ. ಚಾಟ್ಸ್‌ವರ್ತ್‌ನ ಒಡೆಯರಾದ ಡೆವನ್‌ಶೈರ್ ಡ್ಯೂಕ್ 1835ರಲ್ಲಿ ಜಾನ್ ಗಿಬ್ಸನ್ ಎಂಬ ತೋಟಗಾರನನ್ನು ಭಾರತಕ್ಕೆ ಕಳಿಸಿದರು. ಆತ ಖಾಸಿ ಬೆಟ್ಟಗಳಲ್ಲಿ ಸುತ್ತಾಡಿ, 1837ರಲ್ಲಿ ದೊಡ್ಡ ಆರ್ಕಿಡ್ ಸಂಗ್ರಹದೊಂದಿಗೆ ಮರಳಿದ. ಆ ಗಿಡಗಳು ಬಾಳಿದ್ದು ಪ್ಯಾಕ್ಸ್‌ಟನ್ ಗಾಜಿನಮನೆಗೆ ಗಾಳಿ ಬಿಟ್ಟು, ಶಾಖ ಕಡಿಮೆ ಮಾಡಿದ್ದರಿಂದ.

ಈಗ ನಿಮ್ಮ ಗಿಡದ ಸುಕ್ಕುಗಟ್ಟಿದ ಎಲೆಗೆ ಬರೋಣ. ಬಹಳ ಗಿಡಗಳು ಸಾಯುವುದು ಈ ಹಂತದಲ್ಲೇ. ಎಲೆ ಸುಕ್ಕಾದರೆ ನೀರು ಸಾಲದೆಂದು ಯಾರಿಗಾದರೂ ಅನ್ನಿಸುತ್ತದೆ. ನೀರು ಎಲೆಗೆ ತಲುಪುತ್ತಿಲ್ಲ ಎಂಬುದು ನಿಜ. ಆದರೆ ಹೆಚ್ಚಿನ ಸಲ ಕಾರಣ ನೀರಿನ ಕೊರತೆಯಲ್ಲ, ನೀರು ಹೆಚ್ಚಾಗಿ ಬೇರು ಕೊಳೆತಿರುವುದು. ಹೀರುವ ಬೇರೇ ಇಲ್ಲದ ಗಿಡಕ್ಕೆ ಇನ್ನಷ್ಟು ನೀರು ಸುರಿದರೆ ಉಳಿದ ಬೇರುಗಳೂ ಹೋಗುತ್ತವೆ. ಹಾಗಾಗಿ ಎಲೆ ನೋಡಿ ತೀರ್ಮಾನಿಸಬೇಡಿ, ಗಿಡವನ್ನು ಹೊರತೆಗೆದು ಬೇರು ನೋಡಿ.

ಮೊದಲು ಕುಂಡವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿಡಿ. ಒಣಬೇರು ಪಟಕ್ಕನೆ ಮುರಿಯುತ್ತದೆ, ನೆನೆದದ್ದು ಬಾಗುತ್ತದೆ. ಪ್ಲಾಸ್ಟಿಕ್ ಕುಂಡವಾದರೆ ಸುತ್ತಲೂ ಮೆಲ್ಲಗೆ ಹಿಸುಕಿ ಗಿಡವನ್ನು ಸಡಿಲಿಸಿ. ಬಾರದಿದ್ದರೆ ಕುಂಡವನ್ನೇ ಕತ್ತರಿಸಿ. ಹಳೆಯ ಸಾಮಗ್ರಿಯನ್ನೆಲ್ಲ ಬೆರಳಿನಿಂದ ಬಿಡಿಸಿ ತೆಗೆಯಿರಿ. ನಡುವೆ, ಕಾಂಡದ ಬುಡಕ್ಕೆ ಸರಿಯಾಗಿ, ಪಾಚಿಯ ಅಥವಾ ಸ್ಪಂಜಿನ ಒಂದು ಸಣ್ಣ ಉಂಡೆ ಸಿಗಬಹುದು. ಸಸಿಯಾಗಿದ್ದಾಗ ನೆಟ್ಟ ಉಂಡೆ ಅದು. ಮೇಲೆಲ್ಲ ಒಣಗಿದ್ದರೂ ಅದು ಒದ್ದೆಯಾಗಿಯೇ ಇದ್ದು ಬುಡವನ್ನು ಕೊಳೆಸುತ್ತದೆ. ಹೊಸ ಗಿಡ ತಂದವರೆಲ್ಲ ಇದನ್ನು ಹುಡುಕಿ ತೆಗೆಯಬೇಕೆಂಬುದು ನನ್ನ ಒತ್ತಾಯ.

ಬಳಿಕ ಬೇರುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಜೀವಂತ. ಬಣ್ಣವನ್ನಷ್ಟೇ ನಂಬಬೇಡಿ, ಕತ್ತಲಲ್ಲಿದ್ದ ಬೇರು ಹಳದಿಯಾಗಿಯೋ ಕಂದಾಗಿಯೋ ಇದ್ದೂ ಆರೋಗ್ಯವಾಗಿರಬಹುದು. ಒತ್ತಿದಾಗ ಪಿಚಕ್ಕನೆ ನೀರು ಬಂದು, ಹೊದಿಕೆ ಜಾರಿ ನಡುವಿನ ಎಳೆಯಷ್ಟೇ ಕೈಗೆ ಬಂದರೆ ಅದು ಸತ್ತಿದೆ. ಅದನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ. ಕತ್ತರಿಯನ್ನು ಮೊದಲು ಬೆಂಕಿಗೆ ಹಿಡಿದು ಆರಿಸಿಕೊಳ್ಳಿ, ಅಥವಾ ಸ್ಪಿರಿಟ್‌ನಲ್ಲಿ ಒರೆಸಿ. ಇನ್ನೊಂದು ಗಿಡಕ್ಕೆ ಹೋಗುವ ಮುನ್ನ ಮತ್ತೊಮ್ಮೆ. ರೋಗ ಗಿಡದಿಂದ ಗಿಡಕ್ಕೆ ದಾಟುವ ಒಂದು ಮುಖ್ಯ ದಾರಿ ಕತ್ತರಿಯೇ. ಕತ್ತರಿಸಿದ ಕಡೆ ದಾಲ್ಚಿನ್ನಿ ಪುಡಿ ಹಚ್ಚಬೇಕೆಂದು ಅನೇಕರು ಹೇಳುತ್ತಾರೆ. ಎಲೆಯ ಗಾಯಕ್ಕೆ ಪರವಾಗಿಲ್ಲ. ಬೇರಿಗೆ ಬೇಡ: ಅದು ತೇವವನ್ನೆಳೆದು ಒಳ್ಳೆಯ ಬೇರನ್ನೂ ಒಣಗಿಸುತ್ತದೆ.

ಏನನ್ನು ತುಂಬಬೇಕು? ಪೈನ್ ತೊಗಟೆ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹೆಬ್ಬೆರಳ ಉಗುರಿನಷ್ಟು ದೊಡ್ಡದಾಗಿ ಕತ್ತರಿಸಿದ ತೆಂಗಿನ ಸಿಪ್ಪೆ ಸಾಕು. ಆದರೆ ಹಸಿ ಸಿಪ್ಪೆಯನ್ನು ನೇರವಾಗಿ ಹಾಕಬೇಡಿ. ಅದರಲ್ಲಿ ಒಗರೂ ಉಪ್ಪೂ ಇರುತ್ತವೆ. ಎರಡು ಮೂರು ದಿನ ನೆನೆಸಿ, ಕಂದು ಬಣ್ಣ ಬಿಡುವುದು ಕಡಿಮೆಯಾಗುವ ತನಕ ನೀರು ಬದಲಾಯಿಸುತ್ತಿರಿ. ಮೂರು ಪಾಲು ತೊಗಟೆ ಅಥವಾ ಸಿಪ್ಪೆಗೆ ಒಂದು ಪಾಲು ಮರದ ಇದ್ದಿಲು ಬೆರೆಸಿ. ಮಂಗಳೂರು, ಕಾರವಾರದ ಕಡೆಯವರು ಇದ್ದಿಲು, ಹೆಂಚಿನ ಚೂರು ಹೆಚ್ಚಿಸಿಕೊಳ್ಳಬೇಕು. ಬಳ್ಳಾರಿ, ಕಲಬುರಗಿಯ ಒಣಹವೆಯಲ್ಲಿ ಒಂದು ಹಿಡಿ ಸ್ಫ್ಯಾಗ್ನಮ್ ಪಾಚಿ ಸೇರಿಸಿದರೆ ಅನುಕೂಲ. ಪುಡಿಪುಡಿಯಾದ ಕೊಕೊಪೀಟ್ ಯಾವ ಊರಿನಲ್ಲೂ ಬೇಡ, ಅದು ಮಣ್ಣಿನಷ್ಟೇ ಒತ್ತಿಕೊಳ್ಳುತ್ತದೆ. ಸಿಪ್ಪೆ, ತೊಗಟೆಗಳೂ ಎರಡು ವರ್ಷದೊಳಗೆ ಕೊಳೆತು ಪುಡಿಯಾಗುತ್ತವೆ. ಬೇರು ಚೆನ್ನಾಗಿದ್ದರೂ ಒಂದೂವರೆ, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ್ದು ಅದಕ್ಕೇ.

ದೊಡ್ಡ ಕುಂಡದ ಆಸೆ ಬಿಡಿ. ಉಳಿದ ಬೇರುಗಳು ಹಿತವಾಗಿ ಹಿಡಿಸಿದರೆ ಸಾಕು, ಸುತ್ತ ಒಂದು ಬೆರಳು ಜಾಗ ಹೆಚ್ಚಿಗೆ. ಅರ್ಧದಷ್ಟು ಬೇರು ಕತ್ತರಿಸಿಹಾಕಿದ್ದರೆ ಹಿಂದಿನದಕ್ಕಿಂತ ಚಿಕ್ಕ ಕುಂಡವೇ ಸರಿ. ದೊಡ್ಡದರ ನಡುಭಾಗ ಬೇಗ ಒಣಗದು. ಸುತ್ತಲೂ ತೂತುಗಳಿರುವ ಪಾರದರ್ಶಕ ಪ್ಲಾಸ್ಟಿಕ್ ಕುಂಡವನ್ನೇ ನಾನು ಮೆಚ್ಚುತ್ತೇನೆ, ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ. ಎಲೆಗಳು ಹುಟ್ಟುವ ಬುಡ ಮಿಶ್ರಣದ ಮೇಲೇ ಇರಲಿ, ಹೂಳಬೇಡಿ. ಗಿಡ ಅಲ್ಲಾಡಿದರೆ ಹೊಸ ಬೇರಿನ ತುದಿ ಉಜ್ಜಿ ಹಾಳಾಗುತ್ತದೆ. ಕಡ್ಡಿಯೊಂದನ್ನು ಊರಿ ಸಡಿಲವಾಗಿ ಕಟ್ಟಿ.

ಹೊರಗೆ ಚಾಚಿದ ಬೇರುಗಳನ್ನು ಹಾಗೆಯೇ ಬಿಡಿ. ಗಾಳಿಯಲ್ಲಿ ಬೆಳೆದ ಬೇರನ್ನು ಬಲವಂತವಾಗಿ ಕುಂಡದೊಳಗೆ ತುರುಕಿದರೆ ಅನೇಕ ಸಲ ಕೊಳೆಯುತ್ತದೆ. ಒಳಗಿನವು ಕೊಳೆತುಹೋಗಿದ್ದರೆ ಸದ್ಯ ಗಿಡವನ್ನು ಸಾಕುತ್ತಿರುವುದು ಈ ಹೊರಗಿನವೇ.

ಕುಂಡ ಬದಲಾಯಿಸಿದ ಮೇಲೆ ಮೂರು ನಾಲ್ಕು ದಿನ ನೆರಳಿನಲ್ಲಿಡಿ, ನೀರು ಹಾಕಬೇಡಿ; ಕತ್ತರಿಸಿದ ಗಾಯ ಒಣಗಲಿ. ಆಮೇಲೆ ಇಂತಿಷ್ಟು ದಿನಕ್ಕೊಮ್ಮೆ ಎಂಬ ಲೆಕ್ಕವಿಲ್ಲ. ಕುಂಡದ ಗೋಡೆಗೆ ಅಂಟಿದ ಬೇರು ಹಸಿರಾಗಿದ್ದರೆ ಕಾಯಿರಿ, ಬೆಳ್ಳಿಬಣ್ಣಕ್ಕೆ ತಿರುಗಿದರೆ ಕುಂಡವನ್ನು ಹದಿನೈದು ನಿಮಿಷ ಬಕೆಟ್ ನೀರಿನಲ್ಲಿ ಮುಳುಗಿಸಿ ತೆಗೆದು, ಪೂರ್ತಿ ಬಸಿಯಲು ಬಿಡಿ. ಎಲೆಗಳ ನಡುವೆ ನಿಂತ ನೀರನ್ನು ಬಟ್ಟೆಯಿಂದ ಒತ್ತಿ ತೆಗೆಯಿರಿ. ಕೊಳವೆಬಾವಿಯ ಗಡಸು ನೀರು ಬಳಸುವವರ ಕುಂಡದಲ್ಲಿ ಬಿಳಿ ಉಪ್ಪು ಕಟ್ಟಿ ಬೇರಿನ ತುದಿ ಸುಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ಗೊಬ್ಬರವೆಂದರೆ 19:19:19 ಪುಡಿ, ಲೀಟರಿಗೆ ಅರ್ಧ ಗ್ರಾಂ, ಎರಡು ವಾರಕ್ಕೊಮ್ಮೆ. ಅದೂ ಹೊಸ ಬೇರಿನ ಹಸಿರು ತುದಿ ಕಂಡ ಮೇಲೆ ಮಾತ್ರ.

ಕುಂಡ ಬದಲಾಯಿಸುವ ಕಾಲದ ಮಾತು: ಫೆಲನಾಪ್ಸಿಸ್‌ಗೆ ಹೂ ಮುಗಿದ ಮೇಲೆ, ಮಾರ್ಚ್‌ನಿಂದ ಜೂನ್‌ವರೆಗೆ ಸರಿಯಾದ ಹೊತ್ತು. ಕೊಳೆತ ವಾಸನೆ ಬರುತ್ತಿದ್ದರೆ ತಿಂಗಳು ನೋಡಬೇಡಿ, ಇಂದೇ ತೆಗೆಯಿರಿ. ಡೆಂಡ್ರೋಬಿಯಂ ಎಂಬ ಇನ್ನೊಂದು ಬಗೆಯ ಆರ್ಕಿಡ್ ಇರುವವರಿಗೆ ಈ ಲೆಕ್ಕ ಬೇರೆ. ಅದು ಇಕ್ಕಟ್ಟಿನ ಕುಂಡವನ್ನು ಸಹಿಸುತ್ತದೆ. ಬುಡದಲ್ಲಿ ಹೊಸ ಮೊಳಕೆ ಎದ್ದು ಅದರಿಂದ ಬೇರು ಇಣುಕುವಾಗ ಬದಲಾಯಿಸಿದರೆ ಬೇಗ ಹತ್ತಿಕೊಳ್ಳುತ್ತದೆ. ವ್ಯಾಂಡಾ ಆರ್ಕಿಡ್‌ಗೆ ಕುಂಡ ತುಂಬುವ ಗೊಡವೆಯೇ ಇಲ್ಲ, ಬುಟ್ಟಿಯಲ್ಲಿ ತೂಗುಬಿಟ್ಟು ದಿನವೂ ಬೇರು ನೆನೆಸಬೇಕು.

ಸುಕ್ಕಾದ ಎಲೆಗಳು ಮತ್ತೆ ಪೂರ್ತಿ ನೆಟ್ಟಗಾಗದಿರಬಹುದು. ಗಾಬರಿಯಾಗಿ ನೀರು ಹೆಚ್ಚಿಸಬೇಡಿ. ನಡುವೆ ಬರುವ ಹೊಸ ಎಲೆ ಗಟ್ಟಿಯಾಗಿ, ಹೊಳಪಾಗಿ ಬರುತ್ತಿದೆಯೇ ಎಂದಷ್ಟೇ ನೋಡುತ್ತಿರಿ. ಹೊಸ ಎಲೆಯೂ ಸುಕ್ಕಾಗಿಯೇ ಬಂದರೆ ಮತ್ತೊಮ್ಮೆ ಬೇರು ಪರೀಕ್ಷಿಸಬೇಕು.