ಪಹಣಿ ಓದಬಲ್ಲವರಿಗೆ ಲಾ ಫರ್ಮ್‌ನಲ್ಲಿ ಕೆಲಸವಿದೆ

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿ ರೈತರಿಂದ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುಮಾಡಿ ಗುತ್ತಿಗೆಗೆ ಪಡೆದರು. ಗುತ್ತಿಗೆ ಅಂದಮೇಲೆ ಒಂದೊಂದು ಸರ್ವೆ ನಂಬರಿಗೂ ಪಹಣಿ, ಮ್ಯುಟೇಷನ್, ಪೋಡಿ, ವಂಶವೃಕ್ಷ ಎಲ್ಲ ನೋಡಬೇಕು. ಇಂಥ ಯೋಜನೆಗಳಿಗೆ ಸಾಲ ಕೊಡುವ ಬ್ಯಾಂಕಾಗಲಿ, ಹಣ ಹೂಡುವ ಕಂಪನಿಯಾಗಲಿ ಮೊದಲು ಕೇಳುವುದು ‘ಟೈಟಲ್ ಸರಿ ಇದೆಯಾ’ ಎಂದು. ಅದಕ್ಕೆ ಉತ್ತರ ಬರೆದುಕೊಡುವುದು ಲಾ ಫರ್ಮ್‌ಗಳ ದೊಡ್ಡ ಕಸುಬುಗಳಲ್ಲಿ ಒಂದು.

ಬಡವನಹಳ್ಳಿ, ಶಿರಾ, ಕೊರಟಗೆರೆ ಕಡೆಯ ಹುಡುಗ ಹುಡುಗಿಯರು ಎಲ್‌ಎಲ್‌ಬಿ ಓದಿ ಬೆಂಗಳೂರಿನ ಫರ್ಮ್‌ಗೆ ಅರ್ಜಿ ಬರೆಯಲು ಕೂತಾಗ ಮೊದಲು ಮುಚ್ಚಿಡುವುದು ಊರಿನ ಈ ನಂಟನ್ನೇ. ಊರಿನ ಹೆಸರು, ಕನ್ನಡ ಮಾಧ್ಯಮ, ಅಪ್ಪನ ಜಮೀನಿನ ತಕರಾರಿಗಾಗಿ ತಾಲ್ಲೂಕು ಕಚೇರಿಗೆ ಅಲೆದದ್ದು, ಯಾವುದೂ ಅರ್ಜಿಯಲ್ಲಿ ಇರುವುದಿಲ್ಲ. ಬದಲಿಗೆ ಅಂತರ್ಜಾಲದಿಂದ ಇಳಿಸಿಕೊಂಡ ನಾಲ್ಕು ಇಂಗ್ಲಿಷ್ ವಾಕ್ಯ. ಆ ವಾಕ್ಯಗಳು ಫರ್ಮ್‌ನವರಿಗೆ ದಿನಾ ಬರುತ್ತವೆ. ಕೈಬರಹದ ಹಳೆಯ ಪಹಣಿಯನ್ನು ತಡವರಿಸದೆ ಓದಬಲ್ಲ ಅಭ್ಯರ್ಥಿ ದಿನಾ ಬರುವುದಿಲ್ಲ.

ಯಾವ ಬಾಗಿಲು?

ಇಂಗ್ಲೆಂಡಿನಲ್ಲಿ ಕಾಗದಪತ್ರ, ಸಲಹೆಯ ಕೆಲಸ ಮಾಡುವ ಸಾಲಿಸಿಟರ್ ಬೇರೆ, ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಬೇರೆ. ನಮ್ಮಲ್ಲಿ 1961ರ ವಕೀಲರ ಕಾಯ್ದೆ ಪ್ರಕಾರ ವಕೀಲರೆಲ್ಲ ಒಂದೇ ವರ್ಗ. ಸಾಲಿಸಿಟರ್ ಮಾಡುವಂಥ ಕೆಲಸವನ್ನು ಇಲ್ಲಿ ಲಾ ಫರ್ಮ್‌ಗಳು ಮಾಡುತ್ತವೆ. ಖೇತಾನ್ ಅಂಡ್ ಕೋ 1911ರಲ್ಲಿ ಕೋಲ್ಕತ್ತದಲ್ಲಿ ಶುರುವಾದದ್ದು. ಟ್ರೈಲೀಗಲ್ 2000ದಲ್ಲಿ ಹುಟ್ಟಿತು. ಹಳೆಯ ಅಮರ್‌ಚಂದ್ ಮಂಗಲ್‌ದಾಸ್ 2015ರಲ್ಲಿ ಎರಡಾಗಿ, ಸಿರಿಲ್ ಮತ್ತು ಶಾರ್ದುಲ್ ಹೆಸರಿನಲ್ಲಿ ನಡೆಯುತ್ತಿದೆ. ಇವಕ್ಕೆಲ್ಲ ಬೆಂಗಳೂರಿನಲ್ಲಿ ಕಚೇರಿಗಳಿವೆ. ಇವು ಹೊಸಬರನ್ನು ಹೆಚ್ಚಾಗಿ ಆರಿಸಿಕೊಳ್ಳುವುದು ರಾಷ್ಟ್ರೀಯ ಕಾನೂನು ಶಾಲೆಗಳ ಕ್ಯಾಂಪಸ್‌ನಿಂದ. ತುಮಕೂರಿನಲ್ಲೋ ಬೆಂಗಳೂರಿನ ಸಾಮಾನ್ಯ ಕಾಲೇಜಿನಲ್ಲೋ ಓದಿದವರಿಗೆ ನೇರ ದಾರಿ ಕಿರಿದು, ಇದನ್ನು ಸಿಹಿ ಮಾಡಿ ಹೇಳಿ ಪ್ರಯೋಜನವಿಲ್ಲ. ಆದರೆ ಹತ್ತು ಇಪ್ಪತ್ತು ವಕೀಲರಿರುವ ಬೆಂಗಳೂರಿನದೇ ಮಧ್ಯಮ ಗಾತ್ರದ ಫರ್ಮ್‌ಗಳು, ಜಮೀನು, ಕಟ್ಟಡ, ಬ್ಯಾಂಕ್ ವ್ಯವಹಾರ ನೋಡಿಕೊಳ್ಳುವ ಕಚೇರಿಗಳು ಬೇಕಾದಷ್ಟಿವೆ. ಮೊದಲು ಅಲ್ಲಿ ಎರಡು ಮೂರು ವರ್ಷ ದುಡಿದು ದೊಡ್ಡ ಫರ್ಮ್‌ಗೆ ಹಾರಿದವರು ಈ ವೃತ್ತಿಯಲ್ಲಿ ಅಪರೂಪವಲ್ಲ.

ಇಂಟರ್ನ್‌ಶಿಪ್ ಲೆಕ್ಕ

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳ ಪ್ರಕಾರ ಮೂರು ವರ್ಷದ ಕೋರ್ಸಿಗೆ ಕನಿಷ್ಠ 12 ವಾರ, ಐದು ವರ್ಷದ ಕೋರ್ಸಿಗೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರ ಮೀರುವಂತಿಲ್ಲ. ಕೊನೇ ವರ್ಷ ನೋಡಿಕೊಳ್ಳೋಣ ಎಂದು ಸುಮ್ಮನಿದ್ದವರಿಗೆ ಲೆಕ್ಕ ತಪ್ಪುತ್ತದೆ. ಓದು ಮುಗಿಯುವುದರೊಳಗೆ ವಿಚಾರಣಾ ನ್ಯಾಯಾಲಯದ ವಕೀಲರ ಬಳಿಯೂ ಮೇಲ್ಮನವಿ ಹಂತದ ವಕೀಲರ ಬಳಿಯೂ ಒಂದೊಂದು ಸಲವಾದರೂ ಇರಲೇಬೇಕು. ಕನಿಷ್ಠ ಹತ್ತು ವರ್ಷ ಅನುಭವವಿದ್ದು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಒಪ್ಪುವ ಹಿರಿಯ ವಕೀಲರ ಜಿಲ್ಲಾವಾರು ಪಟ್ಟಿಯನ್ನು ರಾಜ್ಯ ವಕೀಲರ ಪರಿಷತ್ತು ಮಾಡಬಹುದು ಎಂದೂ ನಿಯಮದಲ್ಲಿದೆ. ಕಾಲೇಜಿನಲ್ಲಿ ಆ ಪಟ್ಟಿ ಕೇಳಿ ನೋಡಿ. ಇಲ್ಲವೆಂದರೆ ನೇರ ಕೋರ್ಟಿಗೇ ಹೋಗಿ.

ಮೊದಲ ರಜೆಯನ್ನು ಊರಿನಲ್ಲೇ ಕಳೆಯಿರಿ ಎನ್ನುವುದು ನನ್ನ ಖಚಿತ ಸಲಹೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ನಾಲ್ಕರಲ್ಲೂ ನ್ಯಾಯಾಲಯಗಳಿವೆ. ಜೊತೆಗೆ ಮಧುಗಿರಿಯಲ್ಲಿ ಈ ನಾಲ್ಕೂ ತಾಲ್ಲೂಕಿನ ಉಪವಿಭಾಗಾಧಿಕಾರಿ (ಎಸಿ) ಕಚೇರಿ ಇದೆ. ಜಮೀನಿನ ಕಾನೂನು ಕಲಿಯುವವರಿಗೆ ಎಸಿ ಕೋರ್ಟಿಗಿಂತ ಒಳ್ಳೆಯ ಪಾಠಶಾಲೆ ಬೆಂಗಳೂರಿನಲ್ಲೂ ಸಿಗದು. ಖಾತೆ ಬದಲಾವಣೆಯ ಮೇಲೆ 1964ರ ಭೂಕಂದಾಯ ಕಾಯ್ದೆಯ ಮೇಲ್ಮನವಿಗಳು ಅಲ್ಲಿಗೆ ಬರುತ್ತವೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾದಾಗ 1978ರ ಪಿಟಿಸಿಎಲ್ ಕಾಯ್ದೆಯಡಿ ಹಾಕುವ ಅರ್ಜಿಗಳೂ ಅಲ್ಲೇ. ಆ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಬಂದಮೇಲೆ, ಮಂಜೂರಾತಿ ಜಮೀನಿನ ಟೈಟಲ್ ನೋಡುವ ಫರ್ಮ್‌ಗಳು ಇನ್ನಷ್ಟು ಹುಷಾರಾಗಬೇಕಾಗಿದೆ. ಮೂಲ ಸಾಗುವಳಿ ಚೀಟಿ ಯಾರ ಹೆಸರಿನಲ್ಲಿತ್ತು, ಮಾರುವಾಗ ಸರ್ಕಾರದ ಅನುಮತಿ ಇತ್ತೇ ಎಂದು ಕಡತ ನೋಡಿ ಹೇಳಬಲ್ಲವರು ಸಂದರ್ಶನದಲ್ಲಿ ಮಾತಿಗಾಗಿ ತಡಕಾಡಬೇಕಿಲ್ಲ.

ಸೀನಿಯರ್ ಹತ್ತಿರ ಕೇಳುವುದು ಹೇಗೆ ಎಂಬ ಸಂಕೋಚ ಬೇಡ. ಬೆಳಿಗ್ಗೆ ಕಲಾಪದ ಗಡಿಬಿಡಿಯಲ್ಲಿ ಅಡ್ಡ ಹಾಕಬೇಡಿ. ಸಂಜೆ ಆಫೀಸಿಗೆ ಹೋಗಿ, “ಸಾರ್, ಬಡವನಹಳ್ಳಿ ಕಡೆಯವನು. ಎಲ್‌ಎಲ್‌ಬಿ ಎರಡನೇ ವರ್ಷ. ರಜೆಯಲ್ಲಿ ನಾಲ್ಕು ವಾರ ನಿಮ್ಮ ಹತ್ತಿರ ಕೆಲಸ ಕಲೀಬೇಕು ಅಂತಿದ್ದೀನಿ, ಕಾಲೇಜಿನ ಪತ್ರ ತಂದಿದ್ದೀನಿ” ಎಂದರೆ ಸಾಕು. ಸೇರಿದ ಮೇಲೆ ಅವರ ಗುಮಾಸ್ತರನ್ನು ಬಿಡಬೇಡಿ. ಪ್ರಮಾಣೀಕೃತ ನಕಲಿಗೆ ಅರ್ಜಿ ಹಾಕುವುದು, ಕಚೇರಿ ಆಕ್ಷೇಪಣೆ ಸರಿಪಡಿಸುವುದು, ವಾಯಿದೆ ಬರೆದಿಡುವುದು ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ, ಗುಮಾಸ್ತರಿಗೆ ಅದು ನಾಲಗೆ ತುದಿಯಲ್ಲಿರುತ್ತದೆ. ದಿನಾ ರಾತ್ರಿ ಡೈರಿಯಲ್ಲಿ ನೋಡಿದ ಪ್ರಕರಣದ ಬಗೆ, ಅದರ ಹಂತ, ನೀವು ಮಾಡಿದ ಕೆಲಸವನ್ನು ಕಕ್ಷಿದಾರರ ಹೆಸರಿಲ್ಲದೆ ಬರೆದಿಡಿ. ಮುಂದೆ ಅರ್ಜಿಗೆ ಸರಕು ಇದರಿಂದಲೇ ಬರಬೇಕು.

ಎರಡನೇ ಸುತ್ತಿಗೆ ಜಿಲ್ಲಾ ಅಥವಾ ರಾಜ್ಯ ಕಾನೂನು ಸೇವಾ ಪ್ರಾಧಿಕಾರ, ಇಲ್ಲವೇ ಹೈಕೋರ್ಟಿನ ವಕೀಲರೊಬ್ಬರ ಕಚೇರಿ. ಹೈಕೋರ್ಟ್ ಕಲಾಪ ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತದೆ, ಹೋಗುವ ಮುಂಚೆ ಮನೆಯಲ್ಲೇ ಕೂತು ನೋಡಿ. ಫರ್ಮ್ ಮೂರನೆಯದು.

ಒಂದು ಪುಟದ ಬಯೋಡೇಟಾ

ಒಂದೇ ಪುಟ, ಇಂಗ್ಲಿಷಿನಲ್ಲಿ. ಫೋಟೊ, ಜಾತಿ, ಧರ್ಮ, ತಂದೆಯ ಉದ್ಯೋಗ, ‘ಮೇಲಿನದೆಲ್ಲ ಸತ್ಯ’ ಎಂಬ ಪ್ರಮಾಣವಾಕ್ಯ ಯಾವುದೂ ಬೇಡ. ಓದು, ಅಂಕ, ಇಂಟರ್ನ್‌ಶಿಪ್, ಬರೆದದ್ದು, ಭಾಷೆ ಇಷ್ಟಿರಲಿ. ಅಂಕ ಕಡಿಮೆ ಇದ್ದರೂ ಬರೆಯಿರಿ, ಖಾಲಿ ಬಿಟ್ಟರೆ ಓದುವವರು ಇನ್ನೂ ಕಡಿಮೆ ಎಂದುಕೊಳ್ಳುತ್ತಾರೆ.

ಇಂಟರ್ನ್‌ಶಿಪ್ ಎದುರು ‘ಕಾನೂನು ಸಂಶೋಧನೆ ಮಾಡಿದೆ’ ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ‘ಅವಿಭಕ್ತ ಕುಟುಂಬದ ಪಾಲುವಿಭಾಗದ ದಾವೆಯಲ್ಲಿ ಮೂವತ್ತು ವರ್ಷದ ಪಹಣಿ, ಮ್ಯುಟೇಷನ್ ನೋಡಿ ದಿನಾಂಕವಾರು ಪಟ್ಟಿ ಮಾಡಿಕೊಟ್ಟೆ’ ಎಂದು ಬರೆಯಿರಿ. ಭಾಷೆಯ ಸಾಲಿನಲ್ಲಿ ‘ಕನ್ನಡ’ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಕೈಬರಹದ ಕಂದಾಯ ದಾಖಲೆ ಓದಿ ಇಂಗ್ಲಿಷಿಗೆ ಸಾರಾಂಶ ಮಾಡಬಲ್ಲೆ ಎಂದು ಬಿಡಿಸಿ ಹೇಳಿ. ಪಾವಗಡ, ಮಡಕಶಿರಾ ಗಡಿಯವರಿಗೆ ತೆಲುಗು ಸಲೀಸು, ಅದನ್ನೂ ಸೇರಿಸಿ. ಆಂಧ್ರದ ದಸ್ತಾವೇಜು ಬಂದಾಗ ಬೆಂಗಳೂರಿನ ಕಚೇರಿಗಳಲ್ಲಿ ಓದುವವರಿಗಾಗಿ ಹುಡುಕಾಟ ನಡೆಯುತ್ತದೆ.

ಇದನ್ನೆಲ್ಲ ಬರೆಯಬೇಕಾದರೆ ಮೊದಲು ಕಲಿತಿರಬೇಕು. ನಿಮ್ಮ ಮನೆಯ ಜಮೀನನ್ನೇ ತೆಗೆದುಕೊಳ್ಳಿ. ಭೂಮಿ ತಂತ್ರಾಂಶದಲ್ಲಿ ಇಂದಿನ ಪಹಣಿ, ಕಾವೇರಿಯಲ್ಲಿ ಋಣಭಾರ ಪತ್ರ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ಕೈಬರಹದ ಪಹಣಿ, ಎಂಆರ್ (ಮ್ಯುಟೇಷನ್ ರಿಜಿಸ್ಟರ್), ಆಕಾರ್‌ಬಂದ್, ಸರ್ವೆಯವರ ಟಿಪ್ಪಣಿ ತೆಗೆಸಿ. ಮೂವತ್ತು ವರ್ಷ ಹಿಂದಿನಿಂದ ಇಲ್ಲಿಯವರೆಗೆ ಜಮೀನು ಯಾರಿಂದ ಯಾರಿಗೆ ಹೇಗೆ ಬಂತು, ವಿಸ್ತೀರ್ಣ ಎಲ್ಲಿ ಹೊಂದುವುದಿಲ್ಲ, ಯಾವ ಹೆಣ್ಣುಮಕ್ಕಳ ಸಹಿ ಬಿಟ್ಟುಹೋಗಿದೆ ಎಂದು ಇಂಗ್ಲಿಷಿನಲ್ಲಿ ಎರಡು ಪುಟ ಬರೆಯಿರಿ. ಫರ್ಮ್ ಭಾಷೆಯಲ್ಲಿ ಇದಕ್ಕೆ ಟೈಟಲ್ ರಿಪೋರ್ಟ್ ಎನ್ನುತ್ತಾರೆ. ಹೆಸರು, ಸರ್ವೆ ನಂಬರು ಅಳಿಸಿದ ಪ್ರತಿಯನ್ನು ಬರಹದ ಮಾದರಿಯಾಗಿ ಅರ್ಜಿಗೆ ಲಗತ್ತಿಸಬಹುದು. (ಮನೆಯಲ್ಲಿ ಹಳೇ ಪಾಲಿನ ಜಗಳ ಕೆದಕಿದ ಹಾಗಾದರೆ ಅದಕ್ಕೆ ಈ ಲೇಖಕ ಹೊಣೆಯಲ್ಲ.)

ಪತ್ರ, ಮೇಲ್, ತಿಂಗಳು

ಜೊತೆಗಿನ ಪತ್ರ ಮೂರು ಪ್ಯಾರಾ ಮೀರದಿರಲಿ. ಯಾರು, ಯಾವ ತಿಂಗಳಿಗೆ, ಯಾವ ವಿಭಾಗಕ್ಕೆ ಎಂಬುದು ಮೊದಲಿಗೆ. ಆ ಫರ್ಮ್ ಮಾಡುವ ಯಾವ ಕೆಲಸ ನಿಮಗೆ ಹೊಂದುತ್ತದೆ ಎಂಬುದು ನಡುವೆ. ಪಾವಗಡದ ಸೋಲಾರ್ ಗುತ್ತಿಗೆ, ಕೊರಟಗೆರೆ, ಮಧುಗಿರಿ, ಪಾವಗಡದ ಮೂಲಕ ಹಾಯುವ ತುಮಕೂರು–ರಾಯದುರ್ಗ ರೈಲು ಮಾರ್ಗದ ಭೂಸ್ವಾಧೀನ, ವಸಂತನರಸಾಪುರ ಕೈಗಾರಿಕಾ ಪ್ರದೇಶ, ಇವುಗಳಲ್ಲಿ ಒಂದನ್ನು ಕಣ್ಣಾರೆ ಕಂಡಿದ್ದರೆ ಅಲ್ಲಿ ಎರಡು ವಾಕ್ಯ ಬರೆಯಿರಿ. ಇಂಧನ ಅಥವಾ ರಿಯಲ್ ಎಸ್ಟೇಟ್ ವಿಭಾಗದ ಪಾಲುದಾರರು ಅಲ್ಲಿ ಕಣ್ಣು ನಿಲ್ಲಿಸುತ್ತಾರೆ. ಕೊನೆಗೆ ಲಗತ್ತುಗಳ ಹೆಸರು, ಫೋನ್ ನಂಬರು.

ಅರ್ಜಿ ಯಾರಿಗೆ ಕಳಿಸಬೇಕು ಎಂಬುದು ಸಾಮಾನ್ಯವಾಗಿ ಫರ್ಮ್ ಜಾಲತಾಣದಲ್ಲೇ ಇರುತ್ತದೆ. ಐವತ್ತು ಫರ್ಮ್‌ಗಳ ವಿಳಾಸ ಒಂದೇ ಮೇಲ್‌ನಲ್ಲಿ ತುಂಬಿ ಕಳಿಸುವವರು ಈಗಲೂ ಇದ್ದಾರೆ, ಆ ಮೇಲ್‌ಗೆ ಉತ್ತರ ಬರುವುದಿಲ್ಲ. ಒಂದೊಂದಕ್ಕೂ ಬೇರೆ ಬೇರೆ ಬರೆಯಿರಿ. ದೊಡ್ಡ ಫರ್ಮ್‌ಗಳಲ್ಲಿ ಬೇಸಿಗೆಯ ಮೇ, ಜೂನ್ ಮತ್ತು ಡಿಸೆಂಬರ್ ಬೇಗ ಭರ್ತಿಯಾಗುತ್ತವೆ, ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಕೇಳಬೇಕು. ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಬರುವ ಮುಂಚೆ ಖಚಿತ ದಿನಾಂಕ ಕೊಟ್ಟು ಆಮೇಲೆ ಕೈಕೊಡಬೇಡಿ. ಎರಡು ವಾರ ಉತ್ತರ ಬರದಿದ್ದರೆ ಒಂದು ಸಲ ನೆನಪಿಸಿ.

ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಸರ್ಟಿಫಿಕೇಟ್ ಕೊಡುತ್ತೇವೆ, ಇಷ್ಟು ಕಟ್ಟಿ ಎನ್ನುವವರ ಹತ್ತಿರ ಹೋಗಬೇಡಿ. ಕೆಲಸ ಮಾಡಲು ನೀವೇ ದುಡ್ಡು ಕೊಡುವ ಫರ್ಮ್ ಫರ್ಮೇ ಅಲ್ಲ.

ಒಳಗೆ ಹೋದ ಮೇಲೆ

ಕೆಲಸ ಕೊಟ್ಟವರು ಹೇಳಿದ್ದನ್ನು ಬರೆದುಕೊಂಡು, ಯಾವಾಗ ಬೇಕು, ಎಷ್ಟು ಪುಟ ಎಂದು ಅಲ್ಲೇ ಕೇಳಿ. ಇಂಗ್ಲಿಷ್ ಮಾತಿನಲ್ಲಿ ತೊದಲಿದರೂ ಸಹಿಸುತ್ತಾರೆ, ಬರೆದ ಟಿಪ್ಪಣಿಯಲ್ಲಿ ರದ್ದಾದ ಕಲಂ ಇದ್ದರೆ ಸಹಿಸುವುದಿಲ್ಲ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗದಲ್ಲಿ ಹೊಸ ಸಂಹಿತೆಗಳು ಬಂದಿವೆ. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದವು, ಹಳೆಯ ಗೈಡ್ ಓದಿದವರು ಇಲ್ಲಿ ಎಡವುತ್ತಾರೆ. ಎಐ ತಂತ್ರಾಂಶ ಕೊಟ್ಟ ತೀರ್ಪಿನ ಹೆಸರನ್ನು ಇಂಡಿಯನ್ ಕಾನೂನ್‌ನಲ್ಲೋ ಹೈಕೋರ್ಟಿನ ಜಾಲತಾಣದಲ್ಲೋ ತೆರೆದು ನೋಡದೆ ಬರೆಯಬೇಡಿ. ಕಕ್ಷಿದಾರರ ಸಂಗತಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಕೂಡದು, ಫರ್ಮ್‌ನ ಕಡತದ ಮುಂದೆ ನಿಂತ ಸೆಲ್ಫಿಯೂ ಕೂಡದು.

ಹೆಣ್ಣುಮಕ್ಕಳು ತಿಳಿದಿರಬೇಕಾದ ಒಂದು ವಿಷಯ: ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇಂಟರ್ನ್‌ಗಳಿಗೂ ಅನ್ವಯಿಸುತ್ತದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಇರದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ದುಡ್ಡು, ಸನ್ನದು

ಸನ್ನದಿಗೆ, ಅಂದರೆ ವಕೀಲರಾಗಿ ನೋಂದಣಿಗೆ, ಶಾಸನಬದ್ಧ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125. ಅದಕ್ಕಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ಹೇಳಿದೆ. ನೋಂದಣಿಯಾದ ಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ನೂರು ಬಹುಆಯ್ಕೆಯ ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು, ಟಿಪ್ಪಣಿ ಇಲ್ಲದ ಮೂಲ ಕಾಯ್ದೆ ಪುಸ್ತಕ ಒಯ್ಯಲು ಅವಕಾಶವಿದೆ.

ಮೊದಲ ವರ್ಷಗಳ ಸಂಬಳ ಹಿಂಜರಿಯದೆ ಕೇಳಿ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಬಾರ್ ಕೌನ್ಸಿಲ್ 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿದೆ. ಅದು ಶಿಫಾರಸು ಅಷ್ಟೆ, ಆದರೆ ಮಾತು ತೆಗೆಯಲು ಒಂದು ಆಧಾರ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳು ಕಾನೂನು ಪದವೀಧರರ ತರಬೇತಿಗೆ ಶಿಷ್ಯವೇತನ ಕೊಡುತ್ತವೆ. ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಚಿಕ್ಕ ಸುದ್ದಿಯಾಗಿ ಬಂದು ಹೋಗುತ್ತದೆ, ತಾಲ್ಲೂಕು ಕಚೇರಿಗಳಲ್ಲಿ ವಿಚಾರಿಸುತ್ತಿರಿ.

ಫರ್ಮ್‌ಗೆ ಸೇರಿದ ಮೇಲೆ ಮುಂದೆ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಆಸೆ ಇದ್ದರೆ ಒಂದು ಎಚ್ಚರ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ಅದಕ್ಕೆ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯ ಮಾಡಿದೆ. ಹತ್ತು ವರ್ಷ ಅನುಭವವಿರುವ ವಕೀಲರು ಪ್ರಮಾಣಪತ್ರ ಕೊಟ್ಟರೂ ಅದನ್ನು ನ್ಯಾಯಾಧೀಶರು ದೃಢೀಕರಿಸಬೇಕು. ಬರೀ ಟೈಟಲ್ ರಿಪೋರ್ಟ್ ಬರೆಯುತ್ತ ಕೂತರೆ ಕೋರ್ಟಿನಲ್ಲಿ ನಿಮ್ಮ ಗುರುತು ಉಳಿಯುವುದಿಲ್ಲ. ಫರ್ಮ್‌ನ ವಕಾಲತ್ತಿನಲ್ಲಿ ನಿಮ್ಮ ಹೆಸರೂ ಸೇರಲಿ ಎಂದು ಸೇರುವಾಗಲೇ ಕೇಳಿ, ಹಾಜರಾದ ದಿನದ ಆದೇಶದ ಪ್ರತಿ ತೆಗೆದಿಡಿ. ಕಂಪನಿಯೊಂದರ ಕಾನೂನು ವಿಭಾಗಕ್ಕೆ ಪೂರ್ಣಾವಧಿ ಸಂಬಳದ ನೌಕರರಾಗಿ ಹೋದರಂತೂ ಬಾರ್ ಕೌನ್ಸಿಲ್ ನಿಯಮ 49ರ ಪ್ರಕಾರ ಸನ್ನದನ್ನು ಅಮಾನತಿನಲ್ಲಿಡಬೇಕು, ಆ ಅವಧಿ ವಕೀಲಿಕೆಯ ಲೆಕ್ಕಕ್ಕೆ ಬರುವುದಿಲ್ಲ.