ಅಪಾರ್ಟ್‌ಮೆಂಟ್ ಸಂಘ ನಡೆಸುವವರಿಗೆ: ಹಲಸೂರಿನಿಂದ ಕೆ.ಆರ್. ಪುರದವರೆಗೆ ಕಲಿತದ್ದು

ಅಪಾರ್ಟ್‌ಮೆಂಟ್ ಸಂಘಗಳ ಕಾಗದಪತ್ರ ನೋಡಿಕೊಡುವುದು ಬೆಂಗಳೂರಿನಲ್ಲಿ ನನ್ನ ಕೆಲಸ. ಕಮಿಟಿಗೆ ಹೊಸದಾಗಿ ಆಯ್ಕೆಯಾದವರು ನೀರು, ಲಿಫ್ಟ್, ಸೆಕ್ಯೂರಿಟಿಯ ಚಿಂತೆ ಹೊತ್ತು ಬರುತ್ತಾರೆ. ನಾನು ಮೊದಲು ಕೇಳುವುದು ಸಂಘದ ಮೂಲ ದಾಖಲೆಯನ್ನು. ಅದು ಸರಿಯಿಲ್ಲದಿದ್ದರೆ ಕಮಿಟಿಯ ಯಾವ ನಿರ್ಣಯವೂ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ.

1. ಡೀಡ್ ಆಫ್ ಡಿಕ್ಲರೇಶನ್ (ಘೋಷಣಾ ಪತ್ರ) ತರಿಸಿ, ಕೊನೆಯ ಪುಟದವರೆಗೂ ಓದಿ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಯಾವ ಕಟ್ಟಡಕ್ಕೂ ತಾನಾಗಿ ಅನ್ವಯಿಸುವುದಿಲ್ಲ. ಈ ಆಸ್ತಿಯನ್ನು ಕಾಯ್ದೆಗೆ ಒಳಪಡಿಸಿದ್ದೇವೆ ಎಂದು ಘೋಷಿಸಿ, ಬೈಲಾ ಲಗತ್ತಿಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಯಾವ ಫ್ಲ್ಯಾಟಿಗೆ ಶೇಕಡಾ ಎಷ್ಟು ಅವಿಭಾಜ್ಯ ಪಾಲು, ಯಾವುದು ಎಲ್ಲರ ಜಾಗ ಎಂಬುದು ಆ ಘೋಷಣಾ ಪತ್ರದಲ್ಲೇ ಇರುತ್ತದೆ.

ಹಲಸೂರಿನ ಕಡೆ ಹಳೆಯ ಬಂಗಲೆಯ ಕಾಂಪೌಂಡನ್ನು ಜಂಟಿ ಅಭಿವೃದ್ಧಿಗೆ ಕೊಟ್ಟು ಕಟ್ಟಿಸಿದ ಸಣ್ಣ ಅಪಾರ್ಟ್‌ಮೆಂಟುಗಳು ಹೆಚ್ಚು. ಅಂಥ ಕಡೆ ಟೆರೇಸನ್ನೋ ಪಾರ್ಕಿಂಗನ್ನೋ ಜಮೀನಿನ ಮಾಲೀಕರ ಹೆಸರಿಗೆ ಉಳಿಸಿಕೊಂಡ ಒಂದು ಸಾಲು ಒಳಗೆಲ್ಲೋ ಸೇರಿರುತ್ತದೆ. ಸೋಲಾರ್ ಹಾಕಿಸಲು ಹೊರಟ ದಿನ ಅದು ಎದ್ದು ಬರುತ್ತದೆ. ಅಷ್ಟು ಹೊತ್ತಿಗೆ ಬಿಲ್ಡರ್ ಸಿಗುವುದಿಲ್ಲ, ಮಾಲೀಕರ ಮಕ್ಕಳು ವಿದೇಶದಲ್ಲಿರುತ್ತಾರೆ. ತಿದ್ದುಪಡಿ ಪತ್ರಕ್ಕೆ ಅವರೆಲ್ಲರ ಸಹಿ ಕೂಡಿಸುವಷ್ಟರಲ್ಲಿ ಕಮಿಟಿಯ ಅವಧಿಯೇ ಮುಗಿದಿರುತ್ತದೆ.

2. ‘ಸೊಸೈಟಿ ರಿಜಿಸ್ಟ್ರೇಶನ್ ಆಗಿದೆಯಲ್ಲ’ ಎಂದು ಸುಮ್ಮನಿರಬೇಡಿ.

ನಮ್ಮ ಭಾಗದ ಎಷ್ಟೋ ಸಂಘಗಳು ಸುಲಭವೆಂದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ದಾಖಲಾಗಿವೆ. ಅದು ಸಾಹಿತ್ಯ, ಕಲೆ, ದಾನಧರ್ಮದ ಸಂಘಗಳಿಗೆ ಹೊಂದುವ ಕಾಯ್ದೆ. ಫ್ಲ್ಯಾಟುಗಳ ಆಸ್ತಿ ನಿರ್ವಹಣೆಗೆ ಅದು ಸಲ್ಲದೆಂದು ಹೈಕೋರ್ಟ್ ಹೇಳಿದ್ದಿದೆ. ಬರೀ ವಾಸದ ಮನೆಗಳಿದ್ದರೆ 1972ರ ಕಾಯ್ದೆಗೆ ಬನ್ನಿ. ಇಂದಿರಾನಗರದ ಸಿಎಂಎಚ್ ರಸ್ತೆಯಲ್ಲಿರುವಂತೆ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಕಟ್ಟಡವಾದರೆ, 1959ರ ಸಹಕಾರ ಸಂಘಗಳ ಕಾಯ್ದೆಯ ದಾರಿಯನ್ನೂ ವಕೀಲರ ಹತ್ತಿರ ಕೇಳಿ ತಿಳಿಯಿರಿ.

3. ರೇರಾ ಕೊಟ್ಟ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯ ಪ್ರಕಾರ, ಬೇರೆ ಸ್ಥಳೀಯ ಕಾನೂನು ಇಲ್ಲದಿದ್ದರೆ, ಅರ್ಧಕ್ಕಿಂತ ಹೆಚ್ಚು ಮಂದಿ ಬುಕ್ ಮಾಡಿದ 3 ತಿಂಗಳೊಳಗೆ ಸಂಘ ರಚನೆಯಾಗಬೇಕು. ಓಸಿ (ಸ್ವಾಧೀನಾನುಭವ ಪತ್ರ) ಬಂದ 3 ತಿಂಗಳೊಳಗೆ ಸಾಮಾನ್ಯ ಜಾಗಗಳ ಹಕ್ಕು ಸಂಘಕ್ಕೆ ವರ್ಗವಾಗಬೇಕು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಾಮಗಾರಿಯ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ, ಹಣ ಕೇಳದೆ ಸರಿಪಡಿಸಬೇಕು. ಬೇಸ್‌ಮೆಂಟ್ ಸೋರುತ್ತಿದ್ದರೆ ವಾಟ್ಸಾಪಿನಲ್ಲಿ ಬೈದು ಸುಮ್ಮನಾಗಬೇಡಿ. ಫೋಟೊ, ತಾರೀಕು ಸಮೇತ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಐದನೆಯ ವರ್ಷ ಮುಗಿಯುವ ಮೊದಲು ಇಂಜಿನಿಯರ್ ಒಬ್ಬರಿಂದ ಇಡೀ ಕಟ್ಟಡದ ತಪಾಸಣೆ ಮಾಡಿಸಿ. ಅದಕ್ಕಾಗುವ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಆದರೆ 8 ಫ್ಲ್ಯಾಟು ಅಥವಾ 500 ಚದರ ಮೀಟರ್ ಜಾಗ ಮೀರದ ಯೋಜನೆಗೆ ರೇರಾ ನೋಂದಣಿ ಬೇಕಿಲ್ಲ. ಶಿವಾಜಿನಗರ, ಹಲಸೂರಿನ ಸಣ್ಣ ಕಟ್ಟಡಗಳಲ್ಲಿ ಅನೇಕವು ಹೀಗೆ ತಪ್ಪಿಸಿಕೊಳ್ಳುತ್ತವೆ. ಅಲ್ಲಿ ಮನೆ ಕೊಂಡವರಿಗೆ ಮೊದಲು ಹೇಳಿದ ಘೋಷಣಾ ಪತ್ರವೇ ರಕ್ಷಣೆ.

4. ಮೇಂಟೆನೆನ್ಸ್ ಕೊಡದವರ ನೀರು ಕಟ್ ಮಾಡಬೇಡಿ.

ಕೋಪ ಬರುವುದು ನ್ಯಾಯವೇ. ನಾಲ್ಕು ಮಂದಿ ಬಾಕಿ ಉಳಿಸಿಕೊಂಡರೆ ಉಳಿದವರೇ ಟ್ಯಾಂಕರಿಗೆ ದುಡ್ಡು ಕಟ್ಟಬೇಕಾಗುತ್ತದೆ. ಆದರೂ ನೀರು ನಿಲ್ಲಿಸಿದ ಕ್ಷಣ ದೂರುದಾರರು ಅವರು, ಆರೋಪಿ ಸಂಘ. 1972ರ ಕಾಯ್ದೆ ಇದಕ್ಕಿಂತ ಗಟ್ಟಿಯಾದ ಅಸ್ತ್ರ ಕೊಟ್ಟಿದೆ: ಬಾಕಿ ಹಣ ಆ ಫ್ಲ್ಯಾಟಿನ ಮೇಲೇ ಋಣಭಾರವಾಗುತ್ತದೆ. ಸರ್ಕಾರದ ತೆರಿಗೆ ಮತ್ತು ಮೊದಲ ಅಡಮಾನ ಬಿಟ್ಟರೆ ಮುಂದಿನ ಸರದಿ ಸಂಘದ್ದೇ. ಬಾಕಿಯ ಲೆಕ್ಕ ಬರೆದು ನೋಟಿಸ್ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ‘ನಾನು ಜಿಮ್ ಬಳಸುವುದಿಲ್ಲ, ಕೊಡುವುದಿಲ್ಲ’ ಎನ್ನುವ ವಾದವನ್ನೂ ಈ ಕಾಯ್ದೆ ಒಪ್ಪುವುದಿಲ್ಲ.

ದರ ಫ್ಲ್ಯಾಟಿಗೆ ಇಷ್ಟೋ, ಚದರಡಿಗೆ ಇಷ್ಟೋ ಎಂಬ ಜಗಳ ಪ್ರತಿ ವಾರ್ಷಿಕ ಸಭೆಯಲ್ಲೂ ಏಳುತ್ತದೆ. ಕಾಯ್ದೆ ಹೇಳುವುದು ಅವಿಭಾಜ್ಯ ಪಾಲಿನ ಪ್ರಮಾಣದಲ್ಲಿ ಎಂದು. ಸಭೆಯ ಬಹುಮತ ಅದನ್ನು ಬದಲಿಸಲಾರದು ಎಂಬುದು ನನ್ನ ನಿಲುವು.

5. ಜಿಎಸ್‌ಟಿ.

ಸಂಘದ ವರ್ಷದ ವಹಿವಾಟು 20 ಲಕ್ಷ ಮೀರಿ, ಜೊತೆಗೆ ಒಬ್ಬ ಸದಸ್ಯರ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟಿದರೆ ಶೇ. 18 ತೆರಿಗೆ. ಆಡಿಟರ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

6. ನೀರು, ಕಸ, ಲಿಫ್ಟ್ ಮೂರಕ್ಕೂ ಒಬ್ಬೊಬ್ಬ ಹೊಣೆಗಾರರಿರಲಿ.

2024ರ ಮಾರ್ಚ್‌ನಲ್ಲಿ ಕೆ.ಆರ್. ಪುರದ ಕಡೆ ಬೋರ್‌ವೆಲ್ ಬತ್ತಿ ಜನ ಟ್ಯಾಂಕರಿಗೆ ಕಾಯುತ್ತಿದ್ದಾಗ, ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಅಪಾರ್ಟ್‌ಮೆಂಟಿನ ನಲ್ಲಿಗಳಿಗೆ ನೀರು ಉಳಿಸುವ ಏರೇಟರ್ ಕಡ್ಡಾಯ ಮಾಡಿತು. ಆದೇಶ ಓದಿ ಅದೇ ವಾರ ಜಾರಿ ಮಾಡುವವರು ಒಬ್ಬರಿದ್ದ ಕಡೆ ಗಲಿಬಿಲಿಯಾಗಲಿಲ್ಲ. ಲಿಫ್ಟಿಗೆ 2012ರ ರಾಜ್ಯ ಕಾಯ್ದೆಯಿದೆ. ಅದರ ಲೈಸೆನ್ಸ್ ಬಿಲ್ಡರ್ ಹೆಸರಿನಲ್ಲೇ ಉಳಿದಿದೆಯೇ ನೋಡಿ.

7. ವಿಳಾಸ ಬದಲಾಗಿದೆ, ಕಾನೂನೂ ಬದಲಾಗಬಹುದು.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಐದು ಪಾಲಿಕೆಗಳಿವೆ. ಶಿವಾಜಿನಗರ, ಇಂದಿರಾನಗರ ಈಗ ಕೇಂದ್ರ ಪಾಲಿಕೆಗೆ, ಕೆ.ಆರ್. ಪುರ ಪೂರ್ವ ಪಾಲಿಕೆಗೆ. ಹಳೆಯ ಅರ್ಜಿಗಳ ಪ್ರತಿಯನ್ನು ಹೊಸ ಕಚೇರಿಗೆ ಮತ್ತೆ ಕೊಟ್ಟುಬಿಡಿ. 1972ರ ಕಾಯ್ದೆಯ ಜಾಗಕ್ಕೆ ಹೊಸದನ್ನು ತರಲು ಕರ್ನಾಟಕ ಅಪಾರ್ಟ್‌ಮೆಂಟ್ (ಮಾಲೀಕತ್ವ ಮತ್ತು ನಿರ್ವಹಣೆ) ಮಸೂದೆಯ ಕರಡು 2025ರಲ್ಲಿ ಚರ್ಚೆಗೆ ಬಂತು. ಹಳೆಯ ಸಂಘಗಳ ಗತಿ ಏನು, ದೂರು ಕೇಳುವ ಅಧಿಕಾರಿ ಯಾರು, ಜಮೀನಿನ ಹಕ್ಕು ಯಾರಿಗೆ ಎಂಬ ಮೂರು ಪ್ರಶ್ನೆ ಹಿಡಿದು ಅದನ್ನು ಓದಿ. ಬೈಲಾ ತಿದ್ದುವ ಯೋಚನೆ ಇರುವವರು ಓದಿದ ಮೇಲೇ ಸಭೆ ಕರೆಯಿರಿ.