ಪ್ಲಗ್ಗು ಚುಚ್ಚುವ ಮೊದಲು ಒಂದು ಭಾಗಾಕಾರ

ರಾಯಚೂರಿನ ಬೇಸಿಗೆ ನಿಮಗೆ ಹೇಳಬೇಕಾಗಿಲ್ಲ. ಬಿಸಿಲು 42 ಡಿಗ್ರಿ ದಾಟಿತೆಂದರೆ ಕೂಲರು, ಫ್ಯಾನು, ಫ್ರಿಜ್ಜು ಎಲ್ಲವೂ ಒಟ್ಟಿಗೆ ಓಡಬೇಕು. ಆಗ ನೀವು ಮಾಡುವುದೇನು? ಪೇಟೆಯಿಂದ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು ತಂದು ಇರುವ ಒಂದೇ ಪಾಯಿಂಟಿಗೆ ನಾಲ್ಕು ಪ್ಲಗ್ಗು ಚುಚ್ಚುತ್ತೀರಿ. ಬೋರ್ಡು ಬೆಚ್ಚಗಾದರೆ ‘ಬಿಸಿಲಿಗೆ ಹಂಗ ಆಗ್ತದ ಬಿಡ್ರಿ’ ಎನ್ನುತ್ತೀರಿ. ಬಿಸಿಲಿನ ಮೇಲೆ ಯಾಕೆ ಹಾಕುತ್ತೀರಿ? ಲೆಕ್ಕ ಹಾಕದವರು ನೀವು.

ನಮ್ಮ ಶಕ್ತಿನಗರದಲ್ಲಿ, ಕೃಷ್ಣೆಯ ದಂಡೆಯ ಮೇಲೆ, 1985ರಿಂದ ಕರೆಂಟು ತಯಾರಾಗುತ್ತಿದೆ. ಎಂಟು ಘಟಕ ಸೇರಿ 1720 ಮೆಗಾವ್ಯಾಟ್. ಯರಮರಸಿನಲ್ಲಿ ಇನ್ನೂ 1600. ಇಷ್ಟೆಲ್ಲ ತಯಾರಿಸುವ ಜಿಲ್ಲೆಯವರು ನಾವು, ಆದರೆ ನಮ್ಮ ಇಸ್ತ್ರಿಪೆಟ್ಟಿಗೆ ಎಷ್ಟು ಆಂಪ್ ಎಳೆಯುತ್ತದೆಂದು ಕೇಳಿದರೆ ಮುಖ ನೋಡುತ್ತೇವೆ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ.

ಲೆಕ್ಕ ದೊಡ್ಡದಲ್ಲ. ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವ್ಯಾಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್. ಮನೆಗೆ ಬರಬೇಕಾದದ್ದು 230 ವೋಲ್ಟ್. ಇಸ್ತ್ರಿಪೆಟ್ಟಿಗೆ 1000 ವ್ಯಾಟ್, ಕೆಟಲ್ 1500, ಕೂಡಿದರೆ 2500. 230ರಿಂದ ಭಾಗಿಸಿ, ಹತ್ತಿರ ಹತ್ತಿರ 11 ಆಂಪ್ ಬಂತು. ನೀವು ಚುಚ್ಚಿದ ಸಣ್ಣ ಸಾಕೆಟ್ಟಿನ ತಾಕತ್ತು 6 ಆಂಪ್. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬದಲು ಈ ಭಾಗಾಕಾರ ಮಾಡಿ. ದೊಡ್ಡ ಸಾಮಾನಿಗೆ 16 ಆಂಪಿನ ಪಾಯಿಂಟು ಬೇರೆಯೇ ಹಾಕಿಸಿ.

ಇನ್ನು ರೋಧ, ಅಂದರೆ ಕರೆಂಟಿನ ಹರಿವಿಗೆ ಬರುವ ಅಡ್ಡಿ. ಜರ್ಮನಿಯ ಓಮ್ 1827ರಲ್ಲೇ ಪುಸ್ತಕ ಬರೆದು ತೋರಿಸಿಕೊಟ್ಟ ಲೆಕ್ಕ ಇದು. ವೋಲ್ಟನ್ನು ಆಂಪಿನಿಂದ ಭಾಗಿಸಿದರೆ ಓಮ್ ಬರುತ್ತದೆ. ನೀರು ಕಾಯಿಸುವ 1500 ವ್ಯಾಟಿನ ರಾಡು ಆರೂವರೆ ಆಂಪ್ ಎಳೆಯುತ್ತದೆ, ಅಂದರೆ ಅದರ ರೋಧ ಸುಮಾರು 35 ಓಮ್. ವೋಲ್ಟೇಜು 180ಕ್ಕೆ ಇಳಿದರೂ ಆ 35 ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕರೆಂಟು ಐದು ಆಂಪಿಗೆ ಬೀಳುತ್ತದೆ, ಕಾವು 920 ವ್ಯಾಟಿಗೆ ಇಳಿಯುತ್ತದೆ. ಆದ್ದರಿಂದ ನೀರು ಬೇಗ ಕಾಯಲಿಲ್ಲವೆಂದು ರಾಡನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗಬೇಡಿ, ಮೊದಲು ವೋಲ್ಟೇಜು ನೋಡಿಸಿ.

ಮೋಟರಿನ ಸ್ವಭಾವ ಇದಕ್ಕೆ ಉಲ್ಟಾ. ದೇವದುರ್ಗ, ಮಾನ್ವಿ ಕಡೆಯ ರೈತರು ಇದನ್ನು ಕಿವಿಗೊಟ್ಟು ಕೇಳಬೇಕು. ವೋಲ್ಟೇಜು ಇಳಿದರೂ ಮೋಟರು ಅದೇ ನೀರನ್ನು ಎತ್ತಲೇಬೇಕಲ್ಲ, ಅದಕ್ಕೆ ಕರೆಂಟು ಜಾಸ್ತಿ ಎಳೆಯುತ್ತದೆ. ವೈಂಡಿಂಗಿನ ಕಾವು ಕರೆಂಟಿನ ವರ್ಗದಂತೆ ಏರುತ್ತದೆ. 7 ಆಂಪ್ ಇದ್ದದ್ದು 9 ಆದರೆ ಕಾವು ಒಂದೂವರೆ ಪಟ್ಟಿಗೂ ಮೀರುತ್ತದೆ. ಸ್ಟಾರ್ಟರು ಪದೇ ಪದೇ ಬೀಳುವುದು ಮೋಟರನ್ನು ಉಳಿಸಲಿಕ್ಕೆ. ನೀವು ರಿಲೇಗೆ ಕಡ್ಡಿ ಸಿಕ್ಕಿಸಿ ಮನೆಗೆ ಬಂದು ಮಲಗುತ್ತೀರಿ! ಆಮೇಲೆ ವೈಂಡಿಂಗಿಗೆ ಸಾವಿರಗಟ್ಟಲೆ ಎಣಿಸುತ್ತೀರಿ. ಹಾಂ, ತ್ರೀ ಫೇಸ್ ಮೋಟರಿಗೆ ಬರೀ ವೋಲ್ಟ್ ಗುಣಿಸು ಆಂಪ್ ಸಾಲದು. ಅದನ್ನು 1.73ರಿಂದಲೂ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು.

ವೈರಿನಲ್ಲಿ ಉಳಿತಾಯ ಮಾಡಬೇಡಿ. ಒಂದು ಚದರ ಮಿಲಿಮೀಟರಿನ ತಾಮ್ರದ ವೈರನ್ನು 50 ಮೀಟರ್ ದೂರದ ಸಿಂಗಲ್ ಫೇಸ್ ಪಂಪಿಗೆ ಎಳೆದಿದ್ದೀರಿ ಅನ್ನೋಣ. ಹೋಗಿ ಬರುವ ದಾರಿ 100 ಮೀಟರ್, ರೋಧ ಸುಮಾರು ಒಂದೂಮುಕ್ಕಾಲು ಓಮ್. ಪಂಪು 10 ಆಂಪ್ ಎಳೆದರೆ ಹದಿನೇಳೂವರೆ ವೋಲ್ಟ್ ದಾರಿಯಲ್ಲೇ ಹೋಯಿತು, 175 ವ್ಯಾಟ್ ವೈರು ಕಾಯಿಸುವುದಕ್ಕೇ ಆಯಿತು. ನೀರು ದಾರಿಯಲ್ಲೇ ಖಾಲಿಯಾಗುವುದನ್ನು ಕಂಡ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕಿಂತ ಕೆಟ್ಟದ್ದು ಸಡಿಲ ಗಂಟು. ವೈರಿಗೆ ವೈರು ತಿರುವಿ ಟೇಪು ಸುತ್ತಿದ ಕಡೆ ಅರ್ಧ ಓಮ್ ರೋಧ ಬಂದರೂ ಸಾಕು. 10 ಆಂಪ್ ಹರಿದಾಗ ಆ ಬೆರಳುದ್ದದ ಜಾಗದಲ್ಲಿ 50 ವ್ಯಾಟ್ ಕಾವು ಹುಟ್ಟುತ್ತದೆ. ಸೀಸ ಕರಗಿಸುವ ಬೆಸುಗೆ ಕಡ್ಡಿಯೇ 25 ವ್ಯಾಟಿನದು. ಟೇಪು ಕಪ್ಪಾಗಿ ಸುಟ್ಟ ವಾಸನೆ ಬಂದ ಮೇಲೂ ಇನ್ನೊಂದು ಸುತ್ತು ಟೇಪು ಹಾಕುವವರಿಗೆ ಏನು ಹೇಳುವುದು!

ಐಟಿಐ ಓದುವವರಿಗೂ ಎರಡು ಮಾತು. ಕರೆಂಟು ಇರುವಾಗ ಮಲ್ಟಿಮೀಟರನ್ನು ಓಮಿಗೆ ತಿರುಗಿಸಿ ಕಡ್ಡಿ ತಾಗಿಸಬೇಡಿ. ಆಂಪಿಗೆ ಇಟ್ಟು ಸಾಕೆಟ್ಟಿನ ಎರಡು ತೂತಿಗೆ ಕಡ್ಡಿ ಹಾಕುವುದಂತೂ ಶಾರ್ಟ್ ಸರ್ಕ್ಯೂಟೇ ಸರಿ. ಕ್ಲಾಂಪ್ ಮೀಟರ್ ಬಳಸಿ, ಅದನ್ನೂ ಒಂದೇ ವೈರಿನ ಸುತ್ತ ಹಾಕಿ. ಹಳೆಯ 100 ವ್ಯಾಟಿನ ಬಲ್ಬಿಗೆ ಲೆಕ್ಕದಲ್ಲಿ 529 ಓಮ್ ಬಂದು, ಮೀಟರು ನಲವತ್ತರ ಹತ್ತಿರ ತೋರಿಸಿದರೆ ಗಾಬರಿ ಬೇಡ. ತಂತಿ ತಣ್ಣಗಿದೆ, ಅಷ್ಟೆ.

ಸರ್ಕಾರದ ಗೃಹಜ್ಯೋತಿ ಯೋಜನೆಯ ಸೊನ್ನೆ ಬಿಲ್ಲು ಬಂದ ಮೇಲೆ ಯೂನಿಟ್ ನೋಡುವುದನ್ನೇ ಬಿಟ್ಟಿದ್ದೀರಿ. 1000 ವ್ಯಾಟ್ ಒಂದು ತಾಸು ಓಡಿದರೆ ಒಂದು ಯೂನಿಟ್. 200 ವ್ಯಾಟಿನ ಕೂಲರು ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 72. ತಿಂಗಳ ಬಳಕೆ 200 ಯೂನಿಟ್ ದಾಟಿತೋ, ಇಡೀ ಬಿಲ್ಲು ನಿಮ್ಮ ತಲೆಗೆ.

ಈ ವಾರವೇ ಮನೆಯ ಒಂದೊಂದು ಸಾಮಾನಿನ ವ್ಯಾಟ್, ಮೋಟರಿನ ಫಲಕದ ಮೇಲಿರುವ ಆಂಪ್ ಒಂದು ಹಾಳೆಯ ಮೇಲೆ ಬರೆದು ಮೀಟರ್ ಬೋರ್ಡಿನ ಪಕ್ಕ ಅಂಟಿಸಿ. ಫ್ಯೂಸಿಗೆ ಸಿಕ್ಕಿದ ತಂತಿ ಸುತ್ತಿದ್ದರೆ ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆಸಿ ತೆಗೆಸಿ. ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬಕ್ಕೆ ಮಾತ್ರ ನೀವಾಗಿ ಹತ್ತಬೇಡಿ, ವಿದ್ಯುತ್ ಕಂಪನಿ ಜೆಸ್ಕಾಂನವರು ಬರುವುದು ತಡವಾದರೂ ಕಾಯಿರಿ.